ಹೆಂಚಿನ ಕಾರ್ಖಾನೆಯೊಳಗಿನ ಸಮುದ್ರ

ಮೊದಲಿಗೆ ನೀರಿಗೆ ಶರಣು. ಕಣಕುಂಬಿಯ ಕಾಡಿನಲ್ಲಿ ಹುಟ್ಟಿ ಖಾನಾಪುರದ ಸೇತುವೆಯ ಕೆಳಗೆ ಹಾದುಹೋಗುವ ಮಲಪ್ರಭೆಗೆ ಶರಣು. ಎಳವೆಯಲ್ಲಿ ನನ್ನ ಅಂಗೈಯ ಮೇಲೆ ಲಿಂಗವನ್ನಿಟ್ಟು, ಅದನ್ನು ನೋಡುವ ಬಗೆಯನ್ನು ಕಲಿಸಿದ ಗುರುವಿಗೆ ಶರಣು. ಪಾಠಶಾಲೆಯಲ್ಲಿ ತರಂಗ, ಊರ್ಮಿ, ವೀಚಿ, ಕಲ್ಲೋಲ ಎಂದು ಅಲೆಯ ಹೆಸರುಗಳನ್ನು ಬಾಯಿಪಾಠ ಮಾಡಿಸಿದ, ತಾವು ಮಾತ್ರ ಸಮುದ್ರವನ್ನು ಎಂದೂ ಕಾಣದೆ ಹೋದ ಪಂಡಿತರಿಗೆ ಶರಣು. ನಾನು ತಪ್ಪಿದಾಗ ತಿದ್ದಿದವರಿಗೆ, ತಿದ್ದುವಾಗ ನನ್ನ ನರೆಗೂದಲನ್ನು ನೋಡಿ ಮಾತನ್ನು ಅರ್ಧಕ್ಕೆ ನುಂಗದವರಿಗೆ, ಎಲ್ಲರಿಗಿಂತ ಮಿಗಿಲಾಗಿ ಶರಣು. ಇವರನ್ನು ನೆನೆಯದೆ ಆ ಒಂದು ವರ್ಷದ ಮಾತನ್ನು ಎತ್ತುವುದು ನನಗೆ ಸಲ್ಲದು.

ಕಳೆದ ವಾರ ಖಾನಾಪುರಕ್ಕೆ ಹೋದವನು, ಮಳೆ ಬಿಡುವು ಕೊಟ್ಟ ಹೊತ್ತು ನೋಡಿ, ಊರ ಹೊರಗಿನ ಹಳೆಯ ಹೆಂಚಿನ ಕಾರ್ಖಾನೆಯವರೆಗೆ ನಡೆದೆ. ತಗಡಿನ ಬಾಗಿಲು ಸರಿಸಿದ ಕೂಡಲೆ ಎರಡು ವಾಸನೆಗಳು ಬಂದವು. ಒಂದು, ಎಷ್ಟೋ ವರ್ಷ ಸುಟ್ಟ ಮಣ್ಣಿನ ಧೂಳು ಕುಡಿದ ಗೋಡೆ ಮಳೆಗೆ ನೆನೆದಾಗ ಬಿಡುವ ವಾಸನೆ. ಇನ್ನೊಂದು, ಎಳ್ಳೆಣ್ಣೆಯ ದೀಪ ಆಗತಾನೆ ಆರಿದಾಗ ಬತ್ತಿಯಿಂದೇಳುವ ವಾಸನೆ. ಈ ಎರಡನೆಯದಕ್ಕೆ ನನ್ನ ಕಾಲು ಹೊಸ್ತಿಲಲ್ಲೇ ನಿಂತಿತು. ಆ ವಾಸನೆ ಆ ಶೆಡ್ಡಿನೊಳಗೆ ಇರಕೂಡದೆಂದು ನಾನೇ ಒಮ್ಮೆ ಬರೆದು, ಸಹಿ ಮಾಡಿ ಕೊಟ್ಟಿದ್ದೆ.

ನಾನು ಬೀಡಿ ಎಂಬ ಹಳ್ಳಿಯ ಒಕ್ಕಲುತನದ ಮನೆಯವನು. ಪಾಠಶಾಲೆಯಿಂದ ಕಾಲೇಜಿಗೆ, ಅಲ್ಲಿಂದ ಬೆಳಗಾವಿಗೆ ಬಂದು, ಇಂಜಿನಿಯರಿಂಗ್ ಓದುವ ಮಕ್ಕಳಿಗೆ ನೀರಿನ ಚಲನೆಯ ಶಾಸ್ತ್ರವನ್ನು ಕಲಿಸಿ ನಿವೃತ್ತನಾದೆ. ಅಲೆಯ ಸಮೀಕರಣಗಳನ್ನು ಕಪ್ಪುಹಲಗೆಯ ಮೇಲೆ ಎಷ್ಟು ಸಾವಿರ ಸಲ ಬರೆದೆನೋ ಬಲ್ಲವರಿಲ್ಲ. ಸಮುದ್ರವನ್ನು ಕಂಡದ್ದು ಎರಡೇ ಸಲ. ನಿವೃತ್ತಿಯಾಗಿ ಕೆಲವು ವರ್ಷಗಳಾದ ಮೇಲೆ, ಒಂದು ಪುಷ್ಯ ಮಾಸದಲ್ಲಿ, ನನ್ನ ಪತ್ನಿ ಗಿರಿಜೆ ಲಿಂಗೈಕ್ಯಳಾದಳು. ನಮಗೆ ಮಕ್ಕಳಿಲ್ಲ. ಬೆಳಗಾವಿಯ ಅನಗೋಳದ ಮನೆಯಲ್ಲಿ ನಾನು ಅಡುಗೆಮನೆಯ ಕಡೆಗೆ ಹೋಗುವುದನ್ನು ಬಿಟ್ಟೆ. ಆಮೇಲೆ ನಡುಮನೆಯಲ್ಲಿ ಕೂಡುವುದನ್ನು ಬಿಟ್ಟೆ. ಯುಗಾದಿಯ ಹೊತ್ತಿಗೆ ಪಡಸಾಲೆಯ ಒಂದು ಕುರ್ಚಿಯಷ್ಟೇ ನನ್ನ ಮನೆಯಾಗಿ ಉಳಿದಿತ್ತು.

ಅಂಥ ದಿನಗಳಲ್ಲಿ ನಾನು ಕಲಿಸುತ್ತಿದ್ದ ಕಾಲೇಜಿನವರು ಹೇಳಿಕಳಿಸಿದರು. ಕರಾವಳಿಯ ಒಂದು ಚಿಕ್ಕ ಮೀನುಗಾರರ ಊರಿಗೆ ಕಲ್ಲಿನ ತಡೆಗೋಡೆ ಕಟ್ಟಬೇಕಾಗಿತ್ತು. ಗೋಡೆ ಗಿಡ್ಡವಾಗಿದ್ದರೆ ಸಾಕೋ, ಉದ್ದವಾಗಿ ಕೊನೆಗೆ ಬಾಗಿರಬೇಕೋ ಎಂಬುದನ್ನು ಮೊದಲು ಸಣ್ಣ ಮಾದರಿಯಲ್ಲಿ ಪರೀಕ್ಷಿಸಿ ಹೇಳಬೇಕು. ಅದಕ್ಕಾಗಿ ಮುಚ್ಚಿಹೋದ ಹೆಂಚಿನ ಕಾರ್ಖಾನೆಯ ಶೆಡ್ಡಿನಲ್ಲಿ ಒಂದು ದೊಡ್ಡ ಅಲೆಕೊಳ ಕಟ್ಟಿದ್ದರು. ಮೊಣಕಾಲು ಮುಳುಗುವಷ್ಟು ನೀರು. ಒಂದು ತುದಿಯಲ್ಲಿ ಅಗಲವಾದ ಕಬ್ಬಿಣದ ಹಲಗೆ. ಅದು ಯಂತ್ರದ ಬಲದಿಂದ ಹಿಂದೆ ಮುಂದೆ ತೂಗಿ ಅಲೆ ಎಬ್ಬಿಸುತ್ತದೆ. ಇನ್ನೊಂದು ತುದಿಯಲ್ಲಿ ಆ ಊರಿನ ದಂಡೆ, ಬಂಡೆ, ಬಂದರು, ಗೋಡೆ, ಎಲ್ಲವೂ ನಿಜದ ಐವತ್ತರಲ್ಲೊಂದು ಪಾಲು. ಕೆಲಸವನ್ನು ನೋಡಿಕೊಳ್ಳಲು ತಿಳಿದ ಹಿರಿಯರೊಬ್ಬರು ಬೇಕು, ಒಂದು ವರ್ಷದ ಮಟ್ಟಿಗೆ ಬರುತ್ತೀರಾ ಎಂದು ಕೇಳಿದರು. ನಾನು ಕುರ್ಚಿಯಿಂದ ಎದ್ದೆ. ಅನಗೋಳದ ಮನೆಗೆ ಬೀಗ ಹಾಕಿ, ಖಾನಾಪುರದ ಸ್ಟೇಶನ್ನಿನ ಹತ್ತಿರ ಒಂದು ಕೋಣೆ ಹಿಡಿದೆ.

ಶೆಡ್ಡಿನಲ್ಲಿ ನಾವು ಮೂವರು. ಅಳತೆಯ ಕೆಲಸವೆಲ್ಲ ಮೃಣಾಲಳದು. ಖಾನಾಪುರದವಳೇ; ಮನೆಯಲ್ಲಿ ಮರಾಠಿ, ನಮ್ಮೊಡನೆ ಕನ್ನಡ, ಕಂಪ್ಯೂಟರಿನ ಮೇಲೆ ಸಿಟ್ಟು ಬಂದಾಗ ಎರಡೂ. ಅವಳ ಡಾಕ್ಟರೇಟಿನ ಪ್ರಬಂಧಕ್ಕೆ ಈ ಅಳತೆಗಳೇ ಆಧಾರ. ಯಂತ್ರದ ಕೆಲಸ ಪರಶುರಾಮ ಮಿಸ್ತ್ರಿಯದು. ಅವನು ಅನಗೋಳದಲ್ಲಿ ನಮ್ಮ ಗಲ್ಲಿಯವನೇ, ಐವತ್ತು ದಾಟಿದವನು; ಆಟೋ ನಗರದ ತನ್ನ ವರ್ಕ್‌ಶಾಪಿನಲ್ಲಿ ಹಳೆಯ ಲಾರಿಯೊಂದರ ಗೇರ್‌ಬಾಕ್ಸ್ ಬಿಚ್ಚಿ ಆ ಹಲಗೆಗೆ ತೂಗುವ ನಡೆಯನ್ನು ಕೊಟ್ಟವನು ಅವನೇ. ದಿನವೂ ಬೆಳಗಿನ ಬಸ್ಸಿಗೆ ಬಂದು, ಸ್ವಿಚ್ಚಿನ ಮೇಲೆ ಕೈಯಿಟ್ಟು ಕೇಳುವನು:

"ಸರ್ರ, ಸಮುದ್ರ ಚಾಲೂ ಮಾಡ್ಲೇನ್ರಿ?"

ಬೆಲ್ಟು ಹರಿದ ದಿನ ಅವನು ಹೊರಗೆ ನಿಂತು ಫೋನಿನಲ್ಲಿ ಯಾರಿಗೋ ಹೇಳುತ್ತಿದ್ದ: "ಇಲ್ಲಪಾ, ಇವತ್ತ ಬರಾಕ ಆಗಂಗಿಲ್ಲ. ಸಮುದ್ರದ ಬೆಲ್ಟ್ ಹರದೈತಿ." ಕರೆಂಟು ಹೋದರೆ, "ಸಮುದ್ರಕ್ಕ ಸೂಟಿ ಸಿಕ್ತ್ ನೋಡ್ರಿ ಮೇಡಂ" ಎನ್ನುವನು.

"ಪರಶುಕಾಕಾ, ನೀವು ನಿಮ್ಮ ಗ್ರೀಸ್ ಡಬ್ಬಿ ನನ್ನ ನೀರಿನ ಬಾಜೂಕ ಇಡಬ್ಯಾಡ್ರಿ. ಸೂಟಿ ಕೊಡೂದು ನಾ ನೋಡ್ಕೋತೀನಿ" ಎಂದು ಮೃಣಾಲ್ ಗದರಿಸುವಳು.

"ಡಬ್ಬಿಗೆ ಮುಚ್ಚಳ ಐತ್ರಿ ತಾಯಿ, ನನ್ನ ಬಾಯಿಗಷ್ಟ ಇಲ್ಲ."

ಅವರಿಬ್ಬರ ಈ ಜಗಳವನ್ನು ಕೇಳಲು ನಾನು ಬೇಗ ಹೋಗುತ್ತಿದ್ದೆ. ಸಂಜೆ ಅವರು ತಮ್ಮ ತಮ್ಮ ಮನೆಗೆ ಹೊರಟ ಮೇಲೆ ನನಗೆ ಹೋಗಲು ಇದ್ದದ್ದು ಆ ಕೋಣೆ. ಅಲ್ಲಿ ಒಬ್ಬನಿಗೆ ಅಳೆದು ಅನ್ನಕ್ಕಿಡುವುದನ್ನು ನಾನು ಕೊನೆಯವರೆಗೂ ಕಲಿಯಲಿಲ್ಲ; ಪ್ರತಿ ಸಲವೂ ಇಬ್ಬರಿಗಾಗುವಷ್ಟೇ ಆಗುತ್ತಿತ್ತು.

ಇನ್ನು ದೀಪದ ಮಾತು. ಗಿರಿಜೆಯ ತವರು ಮಲಪ್ರಭೆಯ ದಂಡೆಯ ಒಂದು ಹಳ್ಳಿ. ಕಾರ್ತಿಕದ ಸೋಮವಾರಗಳಂದು ಮುತ್ತುಗದ ಎಲೆಯ ದೊನ್ನೆಯಲ್ಲಿ ಎಳ್ಳೆಣ್ಣೆಯ ದೀಪವನ್ನಿಟ್ಟು ಹೊಳೆಗೆ ಬಿಡುವುದು ಅವಳ ಮನೆಯ ರೂಢಿ. ಮದುವೆಯಾದ ಹೊಸತರಲ್ಲಿ ನಾನು ಪಾಂಡಿತ್ಯದ ಬಿಗುವಿನಿಂದ, "ನಮ್ಮ ಮನಿತನದಾಗ ನೀರಿಗೆ ದೀಪ ಬಿಡೂ ಪದ್ಧತಿ ಇಲ್ಲ. ಅಂಗೈಯಾಗ ಲಿಂಗ ಇದ್ದವರಿಗೆ ಬ್ಯಾರೆ ಯಾಕ?" ಎಂದಿದ್ದೆ. ಅವಳು ಬತ್ತಿ ಹೊಸೆಯುವುದನ್ನು ನಿಲ್ಲಿಸದೆ, "ಖರೇ ಐತ್ರಿ. ಆದ್ರ ನೀರಿಗೆ ಅದು ಗೊತ್ತಿಲ್ಲಲ್ರೀ" ಎಂದು ನಕ್ಕಿದ್ದಳು.

ಕೊಳಕ್ಕೆ ಮೊದಲ ಸಲ ನೀರು ತುಂಬಿದ ದಿನ, ಲಿಂಗಪೂಜೆ ಮುಗಿಸಿ ಬಂದವನು, ಅವಳ ನೆನಪಿಗೆಂದು ಒಂದು ದೊನ್ನೆಯ ದೀಪವನ್ನು ಆ ನೀರಿನಲ್ಲಿ ಬಿಟ್ಟೆ. ಪಶ್ಚಿಮದ ಬಾಗಿಲಿನಿಂದ ಬರುವ ಎಳೆಗಾಳಿ ಅದನ್ನು ಮೆಲ್ಲಗೆ ತಳ್ಳಿತು. ದೀಪ ಕೊಳದ ಉದ್ದಕ್ಕೂ ಸಾಗಿ, ಮಾದರಿಯ ಗಿಡ್ಡ ಗೋಡೆಯನ್ನು ಬಳಸಿ, ಬಂದರಿನ ಬಾಯಿಯೊಳಗೆ ಹೊಕ್ಕು, ಒಳಗಿನ ಮೂಲೆಯಲ್ಲಿ ನಿಂತಿತು. ದಾರಿ ಬಲ್ಲ ದೋಣಿಯಂತೆ. ಮೃಣಾಲ್ ಕೈ ಮುಗಿದಳು. "ಬಂದರಿಗೆ ಮುಟ್ತು ನೋಡ್ರಿ" ಎಂದ ಪರಶುರಾಮ.

ಮರುದಿನವೂ ಬಿಟ್ಟೆ. ಅದರ ಮರುದಿನವೂ. ಅವಳು ವರ್ಷದಲ್ಲಿ ನಾಲ್ಕೈದು ದಿನ ಮಾಡುತ್ತಿದ್ದುದನ್ನು ನಾನು ಕೆಲಸದ ಒಂದು ದಿನವೂ ತಪ್ಪಿಸದೆ ನಡೆಸಿದೆ. ಅದನ್ನು ಭಕ್ತಿಯೆಂದು ಹೇಳಿಕೊಳ್ಳುತ್ತಿದ್ದೆ. ದಿನದಲ್ಲಿ ಆ ಒಂದು ಗಳಿಗೆ, ದೀಪ ಕೊಳವನ್ನು ದಾಟುವಷ್ಟು ಹೊತ್ತು, ನಾನು ಒಬ್ಬನೇ ಇರುತ್ತಿರಲಿಲ್ಲ. ನಿಜವಿದ್ದದ್ದು ಇಷ್ಟೇ.

ಬೆಳಗಿನ ಕೆಲಸಕ್ಕೆ ಒಂದು ಕ್ರಮವಿತ್ತು. ತಪ್ಪು ಅಡಗಿದ್ದುದು ಆ ಕ್ರಮದಲ್ಲೇ ಆದ್ದರಿಂದ ಅದನ್ನು ಹೇಳಬೇಕು. ಅಲೆಯ ಎತ್ತರವನ್ನು ಅಳೆಯಲು ಅಲ್ಲಲ್ಲಿ ನೀರಿನಲ್ಲಿ ಜೋಡಿ ತಂತಿಗಳನ್ನು ನಿಲ್ಲಿಸಿರುತ್ತಾರೆ. ಒಂದು ತಂತಿಯಿಂದ ಇನ್ನೊಂದಕ್ಕೆ ನೀರಿನ ಮೂಲಕ ತೀರ ಸಣ್ಣ ವಿದ್ಯುತ್ತು ಹರಿಯುತ್ತದೆ. ನೀರು ಏರಿ ತಂತಿ ಹೆಚ್ಚು ನೆನೆದರೆ ವಿದ್ಯುತ್ತು ಹೆಚ್ಚು, ಇಳಿದರೆ ಕಡಿಮೆ. ಕಂಪ್ಯೂಟರು ಅದನ್ನೇ ಏರಿಳಿಯುವ ಗೆರೆಯಾಗಿ ಬರೆಯುತ್ತದೆ. ಮೃಣಾಲ್ ಬೆಳಿಗ್ಗೆ ಬಂದೊಡನೆ ಪ್ರತಿ ತಂತಿಯನ್ನೂ ಶುಭ್ರವಾದ ಬಟ್ಟೆಯಿಂದ ಒರೆಸಿ, ನಿಂತ ನೀರಿನಲ್ಲಿ ಏರಿಸಿ ಇಳಿಸಿ ಅದರ ಅಳತೆಯನ್ನು ಸರಿಹೊಂದಿಸುವಳು. ಆಮೇಲೆ ನನ್ನ ದೀಪ. ದೀಪ ಮೂಲೆ ಸೇರಿದ ಮೇಲೆ ಪರಶುರಾಮನ ಸಮುದ್ರ. ಅಲೆ ಎದ್ದಾಗ ದೊನ್ನೆ ಓಲಾಡಿ, ಬತ್ತಿ ಆರಿ, ಎಣ್ಣೆ ನೀರಿಗೆ ಚೆಲ್ಲುತ್ತಿತ್ತು. ಸಂಜೆ ಪರಶುರಾಮ ಕೊಕ್ಕೆಯ ಕೋಲಿನಿಂದ ದೊನ್ನೆಯನ್ನು ಮಾತ್ರ ಎತ್ತಿ ಹೊರಗಿಡುತ್ತಿದ್ದ.

ಹೀಗೆ ಚೈತ್ರ, ವೈಶಾಖ, ಜ್ಯೇಷ್ಠ ಕಳೆದು ಆಷಾಢ ಬಂತು. ಖಾನಾಪುರದ ಮಳೆ ಹಿಡಿಯಿತೆಂದರೆ ಆಕಾಶ, ಗಿಡ, ರಸ್ತೆ ಒಂದೇ ಬಣ್ಣವಾಗುತ್ತವೆ. ಹೆಂಚಿನ ಮೇಲೆ ಹೊರಗಿನ ನೀರು, ಕೆಳಗೆ ನಮ್ಮ ನೀರು. ನಡುವೆ ನಾವು ಕೂಗಿ ಮಾತಾಡುತ್ತಿದ್ದೆವು. ಅಳತೆಗಳು ಮಾತ್ರ ಚೆಲುವಾಗಿ ಬರುತ್ತಿದ್ದವು. ಬಂದರಿನ ಹೊರಗಿನ ತಂತಿಗಳಲ್ಲಿ ಗೆರೆ ಹಾರಾಡುತ್ತಿದ್ದರೆ, ಬಂದರಿನ ಮೂಲೆಯ ತಂತಿಯಲ್ಲಿ ಮಲಗಿದ ಹಾಗಿರುತ್ತಿತ್ತು. ಗಿಡ್ಡ ಗೋಡೆಯೇ ಸಾಕು ಎಂಬುದು ಸ್ಪಷ್ಟವಾಯಿತು. ಗಿಡ್ಡದಾದರೆ ಮುಂದಿನ ಮಳೆಗಾಲದೊಳಗೆ ಕಟ್ಟಿ ಮುಗಿಸಬಹುದೆಂದು ಅಧಿಕಾರಿಗಳಿಗೂ ಸಂತೋಷ. ಮೂಲೆಯಲ್ಲಿ ನೀರು ಕನ್ನಡಿಯಂತೆ ಹೊಳೆಯುವುದನ್ನು ಕಂಡಾಗ, ಗಿರಿಜೆಯ ದೀಪ ಹೋಗಿ ನಿಂತ ಜಾಗವಲ್ಲವೇ ಎಂದು ನನಗೂ ಒಳಗೊಳಗೆ ಹಿಗ್ಗು.

ಆಷಾಢದ ಕೊನೆಯ ಒಂದು ಶುಕ್ರವಾರ ಅಧಿಕಾರಿಗಳು ಮಾದರಿಯನ್ನು ನೋಡಲು ಬಂದರು. ಮಳೆಗಾಲದಲ್ಲಿ ಕಡಲಿಗಿಳಿಯುವುದು ನಿಷೇಧವಾದ್ದರಿಂದ ಬಿಡುವಾಗಿದ್ದ ಆ ಊರಿನ ದೋಣಿಯ ಯಜಮಾನರೊಬ್ಬರನ್ನೂ ಕರೆತಂದಿದ್ದರು. ಅಂಥವರನ್ನು ಆ ಕಡೆ ತಾಂಡೇಲರೆನ್ನುತ್ತಾರೆ. ಅರವತ್ತರ ಹತ್ತಿರದ ಮನುಷ್ಯ. ಚಪ್ಪಲಿಯನ್ನು ಬಾಗಿಲಲ್ಲೇ ಬಿಟ್ಟು ಒಳಗೆ ಬಂದರು. ಯಂತ್ರ ಓಡಿತು, ಗೆರೆಗಳು ಮೂಡಿದವು, ಎಲ್ಲರೂ ತಲೆಯಾಡಿಸಿದರು. ಪರಶುರಾಮ ತಂದ ಕುಂದಾ, ಚಹಾ ಎಂದು ಅಧಿಕಾರಿಗಳು ಮೃಣಾಲಳೊಡನೆ ಮುಂದಿನ ಕೋಣೆಗೆ ಹೋದರು. ತಾಂಡೇಲರು ಹೋಗಲಿಲ್ಲ. ತಮ್ಮ ಊರನ್ನು ಮೊದಲ ಸಲ ಮೇಲಿನಿಂದ ನೋಡುತ್ತಿದ್ದವರು, ಬಂದರಿನ ಮೂಲೆಯ ಬಳಿ ಕುಕ್ಕರುಗಾಲಲ್ಲಿ ಕುಳಿತಿದ್ದರು.

"ಮಾಸ್ತರೇ, ಈ ಎಲೆ ಇಲ್ಲಿಗೆ ಹೆಂಗೆ ಬಂತು?" ಎಂದು ನನ್ನ ದೊನ್ನೆಯನ್ನು ತೋರಿಸಿದರು.

ನಾನು ಹೆಮ್ಮೆಯಿಂದಲೇ ಹೇಳಿದೆ. ದೀಪ ದಿನವೂ ತಾನಾಗಿ ಅಲ್ಲಿಗೆ ಬಂದು ನಿಲ್ಲುತ್ತದೆ, ಅದೊಂದು ಶುಭಸೂಚನೆ ಎಂದೆ.

ಅವರು ನಗಲಿಲ್ಲ. "ಬರ್ತದೆ. ನಮ್ ಬದಿಗೂ ತೇಲೂದೆಲ್ಲ ಅದೇ ಮೂಲೆಗೆ ಬರ್ತದೆ. ಹರಿದ ಬಲೆ, ಸತ್ತ ಮೀನು, ಬಾಟ್ಲಿ, ಯಂತ್ರದಿಂದ ಸೋರಿದ ಡೀಸೆಲ್, ಎಲ್ಲಾ. ಡೀಸೆಲ್ ಬಂದು ಕೂತ ದಿನ ನೀರು ಹಿಂಗೇ ಕನ್ನಡಿ ಹಂಗೆ ಕಾಣ್ತದೆ. ನೀರು ಸುಮ್ನಿದ್ದಂಗೆ ಕಾಣ್ತದೆ, ದೋಣಿ ಸುಮ್ನಿರೂದಿಲ್ಲ." ದೊನ್ನೆಯನ್ನು ಬೆರಳಿನಿಂದ ಬದಿಗೆ ಸರಿಸಿ, "ಹ್ವಾದ ವರ್ಷ ನನ್ನ ತಮ್ಮನ ದೋಣಿ ಆ ಮೂಲೆಲೇ ಬಡಕಂಡು ಬಡಕಂಡು ಒಡೀತು" ಎಂದರು.

ಆಮೇಲೆ ಕೈ ಚಾಚಿದರು. "ಬೆಂಕಿಪೆಟ್ಗೆ ಇದ್ರೆ ಕೊಡಿ."

ದೀಪ ಹಚ್ಚುವ ಪೆಟ್ಟಿಗೆ ನನ್ನ ಅಂಗಿಯ ಜೇಬಿನಲ್ಲಿತ್ತು. ಅವರು ಕಡ್ಡಿಗಳನ್ನೆಲ್ಲ ನನ್ನ ಅಂಗೈಗೆ ಸುರುವಿ, ಖಾಲಿ ಪೆಟ್ಟಿಗೆಯನ್ನು ಮೂಲೆಯಲ್ಲಿ, ದೋಣಿ ಕಟ್ಟುವ ಕಟ್ಟೆಯಾದ ಮಾದರಿಯ ದಕ್ಕೆಯ ಪಕ್ಕದ ನೀರಿನ ಮೇಲೆ ಇಟ್ಟರು. ಪರಶುರಾಮನ ಯಂತ್ರ ಗುಂಯ್‌ಗುಡುತ್ತಲೇ ಇತ್ತು. ಮೇಲ್ಮೈ ಹೊಳೆಯುತ್ತಲೇ ಇತ್ತು. ಆದರೆ ಪೆಟ್ಟಿಗೆ ಸಿಮೆಂಟಿನ ಅಂಚಿಗೆ ಹೋಗಿ ಬಡಿಯಿತು. ಸರಿಯಿತು, ಮತ್ತೆ ಬಡಿಯಿತು. ಟಕ್. ಟಕ್. ಟಕ್.

"ಕಣ್ಣು ಬ್ಯಾಡ, ಕಿವಿ ಕೊಡಿ" ಎಂದರು.

ನಾನು ಕೇಳಿಸಿಕೊಂಡೆ. ಅವರು ಎದ್ದು, ಪಂಚೆಗೆ ಕೈ ಒರೆಸಿಕೊಂಡು, ನನ್ನ ಮುಖವನ್ನು ನೋಡಿ ಅದೇನು ಅರ್ಥ ಮಾಡಿಕೊಂಡರೋ, ಮೃದುವಾಗಿ ಹೇಳಿದರು: "ಇರ್ಲಿ ಬಿಡಿ. ನಿಮ್ಮ ತಂತಿ ಸಾಕು ಅಂತ ಹೇಳಿದ್ರೆ ಸಾಕೇ ಇರ್ಬಹುದು. ನಾವು ಕಲ್ತವ್ರಲ್ಲ." ಚಹಾ ಕುಡಿಯದೆಯೇ ಹೊರಗೆ ಹೋಗಿ ಜೀಪಿನಲ್ಲಿ ಕುಳಿತರು.

ಎಲ್ಲರೂ ಹೋದ ಮೇಲೆ, ಹೆಗಲ ಮೇಲಿನ ಬಿಳಿಯ ವಸ್ತ್ರದ ಅಂಚಿನಿಂದ ಮೂಲೆಯ ತಂತಿಯನ್ನು ಒರೆಸಿ ಮೂಗಿಗೆ ಹಿಡಿದೆ. ಎಳ್ಳೆಣ್ಣೆ. ಬೆಳಿಗ್ಗೆ ಮೃಣಾಲ್ ಶುಭ್ರಗೊಳಿಸಿದ ತಂತಿಗೆ ದಿನವೂ ನನ್ನ ದೀಪ ಜಿಡ್ಡಿನ ಹೊದಿಕೆ ಹೊದಿಸುತ್ತಿತ್ತು. ಜಿಡ್ಡು ವಿದ್ಯುತ್ತನ್ನು ತಡೆಯುತ್ತದೆ, ಗೆರೆ ಮಲಗುತ್ತದೆ. ಮರುದಿನ ಅವಳು ಮತ್ತೆ ಒರೆಸಿಯೇ ಸರಿಹೊಂದಿಸುವುದರಿಂದ ತಪ್ಪು ಎಲ್ಲೂ ಸಿಕ್ಕಿಬೀಳುವಂತಿರಲಿಲ್ಲ. ತೇಲುವುದೆಲ್ಲ ಸೇರುವ ಆ ಮೂಲೆಯಲ್ಲೇ, ದೋಣಿಗಳು ಉಳಿಯುತ್ತವೆಯೋ ಇಲ್ಲವೋ ಎಂದು ತಿಳಿಯಬೇಕಾಗಿದ್ದ ಆ ಒಂದೇ ಜಾಗದಲ್ಲೇ, ನಾನು ನಾಲ್ಕು ತಿಂಗಳು ಎಣ್ಣೆ ಸುರಿದಿದ್ದೆ. ಗಿಡ್ಡ ಗೋಡೆಯನ್ನು ಆರಿಸಿದ್ದು ಅಲೆಯಲ್ಲ, ನಾನು.

ಅಂದೇ ಮೃಣಾಲಳಿಗೆ ಹೇಳಬೇಕಾಗಿತ್ತು. ಹೇಳಲಿಲ್ಲ.

ಶನಿವಾರ, ಭಾನುವಾರ ಎರಡೂ ದಿನ ಎಡೆಬಿಡದ ಮಳೆ. ಕೋಣೆಯ ಕಿಟಕಿಯಿಂದ ಸ್ಟೇಶನ್ನಿನ ಖಾಲಿ ಪ್ಲಾಟ್‌ಫಾರ್ಮು ಕಾಣುತ್ತಿತ್ತು. ಗಾಡಿ ಬಂದರೂ ಯಾರೂ ಇಳಿಯುತ್ತಿರಲಿಲ್ಲ. ಪೂಜೆಗೆ ಕುಳಿತೆ. ಅಂಗೈಯ ಮೇಲಿನ ಲಿಂಗವನ್ನು ನೆಟ್ಟ ಕಣ್ಣಿನಿಂದ ನೋಡುವುದು ನನಗೆ ಎಳವೆಯಿಂದ ಬಂದ ಅಭ್ಯಾಸ; ಆ ದಿನ ಕಣ್ಣು ನಿಲ್ಲಲಿಲ್ಲ. ಒಂದು ಸಲ ಮನಸ್ಸು ಹೇಳಿತು, ಸೋಮವಾರ ಹೇಳಿದರಾಯಿತು. ಇನ್ನೊಂದು ಸಲ ಹೇಳಿತು, ಹೇಳದಿದ್ದರೂ ಯಾರಿಗೆ ತಿಳಿದೀತು, ತಾಂಡೇಲರೇ ಇರಲಿ ಎಂದು ಹೋದರಲ್ಲ. ಹೇಳಿದರೆ ದೀಪ ನಿಲ್ಲುತ್ತದೆ. ಆ ಹುಡುಗಿಯ ನಾಲ್ಕು ತಿಂಗಳು ನೀರುಪಾಲಾಗುತ್ತದೆ, ಮುದುಕನಿಗೆ ಯಾಕೆ ಕೆಲಸ ಕೊಟ್ಟೆವೆಂದು ಕಾಲೇಜಿನವರು ಅನ್ನುತ್ತಾರೆ, ಇವೆಲ್ಲ ಎರಡನೆಯವು. ಮೊದಲನೆಯದು ದೀಪವೇ. ಅದು ನಿಂತರೆ ಬೆಳಗಿನ ಆ ಗಳಿಗೆಯೂ ಹೋಗುತ್ತದೆ.

ಭಾನುವಾರ ಮಧ್ಯಾಹ್ನ ಮೃಣಾಲಳ ಫೋನು ಬಂತು. "ಸರ್, ರಿಪೋರ್ಟ್ ಬರದು ಮುಗಿಸಿದೆ ನೋಡ್ರಿ. ಎರಡು ದಿನಾ ಮನ್ಯಾಗ ಯಾರ ಕೂಡಾನೂ ಮಾತಾಡಿಲ್ಲ. ನಾಳೆ ನೀವು ಸಹಿ ಮಾಡಿದ್ರ ಕಳಿಸೇಬಿಡ್ತೀನಿ."

"ಆಗಲಿ ತಾಯಿ" ಎಂದೆ.

ಎಪ್ಪತ್ತರ ಹತ್ತಿರಕ್ಕೆ ಬಂದ ಮನುಷ್ಯ ತನ್ನ ಬಾಯಿಂದ ಬಂದ ಎರಡು ಶಬ್ದಗಳನ್ನು ಎಷ್ಟು ಹೊತ್ತು ನೋಡುತ್ತ ಕೂಡಬಹುದೆಂಬುದನ್ನು ಅಂದು ತಿಳಿದೆ.

ಸೋಮವಾರ ದೊನ್ನೆ ಕಟ್ಟದೆ ಹೋದೆ. ಪರಶುರಾಮ ಸ್ವಿಚ್ಚಿನ ಮೇಲೆ ಕೈಯಿಟ್ಟುಕೊಂಡು ಕಾದು, "ಯಾಕ್ರಿ ಸರ್ರ, ಇವತ್ತ ಗಂಗವ್ವಗ ದೀಪ ಇಲ್ಲೇನ್ರಿ?" ಎಂದ. ಮೃಣಾಲ್ ರಿಪೋರ್ಟಿನ ಮೊದಲ ಪುಟ ತೆರೆದು ಪೆನ್ನನ್ನು ನನ್ನ ಕಡೆಗೆ ಚಾಚಿದ್ದಳು. ನಾನು ಪೆನ್ನು ತೆಗೆದುಕೊಳ್ಳಲಿಲ್ಲ. ನಿಂತುಕೊಂಡೇ ಎಲ್ಲವನ್ನೂ ಹೇಳಿದೆ. ತಾಂಡೇಲರ ಮಾತು, ಬೆಂಕಿಪೆಟ್ಟಿಗೆ, ವಸ್ತ್ರದ ಮೇಲಿನ ಜಿಡ್ಡು.

ಅವಳು ಮಾತಿಗೆ ಒಪ್ಪುವವಳಲ್ಲ. ಅದು ಅವಳ ಗುಣ. "ನೋಡೂಣು" ಎಂದಳು. ಮೂಲೆಯ ನೀರಿನ ಮೇಲ್ಪದರವನ್ನು ಕಾಗದ ಹಾಸಿ ಹೀರಿಸಿ, ತಂತಿಯನ್ನು ಒರೆಸಿ, ಪರಶುರಾಮನಿಗೆ ಕೈ ಮಾಡಿದಳು. ಸಮುದ್ರ ಚಾಲೂ ಆಯಿತು. ನಾಲ್ಕು ತಿಂಗಳು ಮಲಗಿದ್ದ ಗೆರೆ ಎದ್ದು ಕುಳಿತಿತು. ಆಮೇಲೆ ನನ್ನ ಚೀಲದ ಕಡೆ ತಿರುಗಿ, "ಎಣ್ಣಿ ಬಾಟ್ಲಿ ಕೊಡ್ರಿ" ಎಂದಳು. ಬೆರಳ ತುದಿಗೆ ಒಂದು ಹನಿ ತೆಗೆದುಕೊಂಡು ತಂತಿಗೆ ಸವರಿದಳು. ಗೆರೆ ಮತ್ತೆ ಮಲಗಿತು.

ಯಂತ್ರ ನಿಂತ ಮೇಲೆ ಮಳೆಯ ಸದ್ದೊಂದೇ ಉಳಿಯಿತು.

"ನಾಕ ತಿಂಗಳಾ ಸರ್" ಎಂದಳು. ನಂತರ, "ಅದು ಹೋಗ್ಲಿ. ದಿನಾ ನಾನೂ ಕೈ ಮುಗದೀನಿ, ನನಗೂ ತಿಳೀಬೇಕಿತ್ತು. ಕಾಕಾಂದು ಗ್ರೀಸ್ ಡಬ್ಬಿಗೆ ಬೈದೆ, ನಿಮ್ಮ ಎಣ್ಣಿ ಕಣ್ಣಿಗೆ ಬೀಳಲಿಲ್ಲ. ದೇವರದಂತ ಬೀಳಲಿಲ್ಲ. ಆದ್ರ ನಿಮಗ ಶುಕ್ರವಾರನ ಗೊತ್ತಾಗಿತ್ತಂದ್ರ, ನಿನ್ನೆ ಫೋನಿನ್ಯಾಗ ಯಾಕ ಆಗಲಿ ಅಂದ್ರಿ?"

"ದೀಪ ಬಿಡೂದು ನಿಂದರತದಲ್ಲವಾ, ಅದಕ್ಕ. ಮನಸ್ಸು ಬರಲಿಲ್ಲ" ಎಂದೆ.

ಅವಳು ರಿಪೋರ್ಟನ್ನು ಮಡಚಿ ಚೀಲಕ್ಕೆ ಹಾಕಿದಳು. ಅಂದಿನಿಂದ ಎಂಟು ದಿನ ಕೆಲಸದ ಮಾತನ್ನು ಬಿಟ್ಟು ಬೇರೆ ಒಂದು ಮಾತನ್ನೂ ನನ್ನೊಡನೆ ಆಡಲಿಲ್ಲ. ಪರಶುರಾಮನೂ ತಮಾಷೆ ಬಿಟ್ಟ. ಆ ಎಂಟು ದಿನ ಶೆಡ್ಡೂ ಕೋಣೆಯಂತೆಯೇ ಆಯಿತು.

ಕೊಳವನ್ನು ಬರಿದು ಮಾಡಿದೆವು. ಸೋಪು ಮುಟ್ಟಿಸುವಂತಿಲ್ಲ, ಅದೂ ನೀರಿನ ಗುಣವನ್ನು ಕೆಡಿಸುತ್ತದೆ ಎಂದಳು. ಹಿತ್ತಿಲಲ್ಲಿ ರಾಶಿ ಬಿದ್ದಿದ್ದ ಒಡಕು ಹೆಂಚುಗಳನ್ನು ಪರಶುರಾಮ ಪುಡಿ ಮಾಡಿದ. ಆ ಕೆಂಪು ಪುಡಿ, ತೆಂಗಿನ ನಾರು, ಕುದಿವ ನೀರು. ನಾನು ಪಂಚೆ ಎತ್ತಿ ಕಟ್ಟಿ ಬಂದರಿನ ಮೂಲೆಯಲ್ಲಿ ಕುಳಿತು ಉಜ್ಜಿದೆ. ಬೇರೆ ಮೂಲೆಯನ್ನು ಯಾರಾದರೂ ಉಜ್ಜಲಿ, ಇದು ನನ್ನದು ಎಂದೆ. ಒಂಬತ್ತನೆಯ ದಿನ ಬೆನ್ನು ಹಿಡಿದುಕೊಂಡು ಏಳಲಾರದೆ ಕುಳಿತಾಗ, ಪರಶುರಾಮ ಬಂದು ರಟ್ಟೆ ಹಿಡಿದ.

"ಏಳ್ರಿ ಸರ್ರ. ಸಮುದ್ರ ತಿಕ್ಕಿದಾಂವ ಅಂತ ಅನಗೋಳದಾಗ ನಿಮ್ಮ ಹೆಸರ ಆಗ್ತೈತಿ."

ಆ ಕಡೆಯಿಂದ ಮೃಣಾಲ್ ನಕ್ಕ ಸದ್ದು ಕೇಳಿಸಿತು. ನಾನು ತಿರುಗಿ ನೋಡಲಿಲ್ಲ. ನೋಡಿದರೆ ನಿಂತುಹೋದೀತೆಂಬ ಭಯ.

ಶ್ರಾವಣ, ಭಾದ್ರಪದ ಎರಡೂ ಹೊಸ ಅಳತೆಗಳಿಗೇ ಹೋದವು. ತಾಂಡೇಲರು ಹೇಳಿದ್ದೇ ನಿಜವಾಯಿತು. ಗಿಡ್ಡ ಗೋಡೆಯ ತುದಿಯನ್ನು ಬಳಸಿ ಬರುವ ಅಲೆ ನೇರವಾಗಿ ಮೂಲೆಗೆ ಬಡಿಯುತ್ತಿತ್ತು. ಗೋಡೆಯನ್ನು ಉದ್ದ ಮಾಡಿ, ಕೊನೆಗೆ ಬಾಗಿಸಿದಾಗ ಮಾತ್ರ ಗೆರೆ ಶಾಂತವಾಯಿತು. ಈ ಸಲ ನಿಜವಾಗಿಯೇ. ಪ್ರತಿ ಪರೀಕ್ಷೆಯ ಕೊನೆಗೆ ಮೃಣಾಲ್ ಒಂದು ಖಾಲಿ ಬೆಂಕಿಪೆಟ್ಟಿಗೆಯನ್ನು ಮೂಲೆಯಲ್ಲಿ ತೇಲಿಬಿಟ್ಟು, ತಲೆ ವಾರೆ ಮಾಡಿ ಕೇಳುತ್ತಿದ್ದಳು. ಅದನ್ನು ಅವಳು ಯಾವ ಪುಸ್ತಕದಲ್ಲೂ ಓದಿರಲಿಲ್ಲ.

ರಿಪೋರ್ಟನ್ನು ಹೊಸದಾಗಿ ಬರೆಯುವಾಗ, ಮೊದಲ ನಾಲ್ಕು ತಿಂಗಳ ಅಳತೆಗಳನ್ನು ಯಾಕೆ ಕೈಬಿಡಲಾಯಿತೆಂದು ಹೇಳಲೇಬೇಕಾಗಿತ್ತು. ಅವಳು, 'ಕಾರಣ ತಿಳಿಯದ ಜಿಡ್ಡಿನಿಂದ' ಎಂದು ಬರೆದು ನನಗೆ ತೋರಿಸಿದಳು. ಹಿರಿಯನ ಮಾನ ಉಳಿಸುವ ಮಾತು. ನಾನು ಅದನ್ನು ಹೊಡೆದು ಹಾಕಿ, 'ಪ್ರಯೋಗಶಾಲೆಯ ಹೊಣೆ ಹೊತ್ತವರು ದಿನವೂ ನೀರಿನಲ್ಲಿ ತೇಲಿಬಿಟ್ಟ ದೀಪದ ಎಣ್ಣೆಯಿಂದ' ಎಂದು ಬರೆದೆ. ಕೆಳಗೆ, ಇನ್ನು ಮುಂದೆ ಈ ಶೆಡ್ಡಿನೊಳಗೆ ಯಾವ ಎಣ್ಣೆಯನ್ನೂ ತರಕೂಡದೆಂದು ಸೇರಿಸಿದೆ.

"ಇಷ್ಟ ಬಿಡಿಸಿ ಬರೀಬೇಕಂತೇನಿಲ್ರಿ ಸರ್" ಎಂದಳು.

"ಬರೀಬೇಕವಾ. ನಾಳೆ ಮತ್ತೊಬ್ಬ ಮುದುಕ ದೀಪ ತಗೊಂಡು ಬಂದಾನು" ಎಂದೆ. ಸಹಿ ಮಾಡಿದೆ.

ನನ್ನ ತಪ್ಪಿಗೆ ದಂಡ ತೆತ್ತವರು ಬೇರೆಯವರು ಎಂಬುದನ್ನೂ ಮುಚ್ಚಿಡಲಾರೆ. ರಿಪೋರ್ಟು ತಡವಾಯಿತು, ಗೋಡೆಯ ಕೆಲಸ ಆ ವರ್ಷ ಆರಂಭವಾಗಲಿಲ್ಲ. ಆ ಊರಿನವರು ಇನ್ನೂ ಒಂದು ಮಳೆಗಾಲ ದೋಣಿಗಳನ್ನು ಹೆಗಲು ಕೊಟ್ಟು ದಂಡೆಯ ಮೇಲಕ್ಕೆ ಎಳೆದರು. ಮೃಣಾಲಳ ಪ್ರಬಂಧವೂ ವರ್ಷ ತಡವಾಯಿತು. ಕೆಲಸ ವರ್ಷ ತುಂಬುವ ಮೊದಲೇ ಮುಗಿದಿತ್ತು; ಕಾರ್ತಿಕದ ಮೊದಲ ಸೋಮವಾರ ನಾನು ಖಾನಾಪುರದ ಸೇತುವೆಯ ಕೆಳಗಿಳಿದು, ಒಂದೇ ಒಂದು ದೀಪವನ್ನು ಮಲಪ್ರಭೆಗೆ ಬಿಟ್ಟು, ಅದು ತಿರುವಿನಲ್ಲಿ ಮರೆಯಾಗುವವರೆಗೆ ನಿಂತಿದ್ದು, ಕೋಣೆ ಖಾಲಿ ಮಾಡಿ ಅನಗೋಳಕ್ಕೆ ಮರಳಿದೆ. ಅಡುಗೆಮನೆಯ ಬಾಗಿಲು ತೆರೆದೆ. ಅಂದು ಅನ್ನ ಇಬ್ಬರಿಗಾಗುವಷ್ಟೇ ಆಯಿತು. ಅರ್ಧವನ್ನು ಪರಶುರಾಮನ ಮನೆಗೆ ಕೊಟ್ಟುಬಂದೆ.

ಕಳೆದ ವಾರ ಹೊಸ್ತಿಲಲ್ಲಿ ನಿಂತು ಆ ವಾಸನೆ ಎಲ್ಲಿಂದ ಬಂತೆಂದು ಹುಡುಕಿದೆ. ಕೊಳದಲ್ಲಿ ಏನೂ ತೇಲುತ್ತಿರಲಿಲ್ಲ. ಬಾಗಿಲ ಹೊರಗೆ, ಎದುರಿನ ಗೋಡೆಯಲ್ಲಿ, ನನ್ನ ಬೆನ್ನ ಹಿಂದೆಯೇ, ಎರಡು ಮಂಗಳೂರು ಹೆಂಚುಗಳನ್ನು ಕವುಚಿ ಮಾಡಿದ ಗೂಡೊಂದಿತ್ತು. ಅದರಲ್ಲಿ ಮಳೆಗಾಳಿಗೆ ಆಗತಾನೆ ಆರಿದ ಹಣತೆ. ನೀರಿನಿಂದ ದೂರ, ಕೊಳಕ್ಕೆ ಎದುರಾಗಿ. ಗೂಡು ಪರಶುರಾಮ ಕಟ್ಟಿದ್ದು, ಹಚ್ಚುವುದು ತಾನೆಂದು ಶೆಡ್ಡಿನೊಳಗಿಂದ ಬಂದ ಮೃಣಾಲ್ ಹೇಳಿದಳು. ಈಗ ಆ ಕೊಳದ ಹೊಣೆ ಅವಳದೇ.

"ನಿಮ್ಮ ಸಹಿ ಒಳಗಿನದ್ರಿ ಸರ್. ಇದು ಹೊರಗ ಐತಿ" ಎಂದು ನಕ್ಕಳು. ಆಮೇಲೆ ಫೋನು ಹಚ್ಚಿ, ಆ ಕಡೆಯವರೊಡನೆ ಎರಡು ಮಾತಾಡಿ, ನನ್ನ ಕೈಗೆ ಕೊಟ್ಟಳು.

"ಮಾಸ್ತರೇ, ಆರಾಮಿದ್ರಾ?" ತಾಂಡೇಲರ ದನಿ. "ಗೋಡೆ ಮುಗದು ಇದು ಮೊದಲ ಮಳೆಗಾಲ ನೋಡಿ. ದೋಣಿ ಈ ಸಲ ಮೇಲೆ ಎಳೀಲಿಲ್ಲ. ಆ ಮೂಲೆಲೇ ಕಟ್ಟಿದ್ದೇವೆ. ನಿಲ್ಲಿ, ಫೋನು ದಕ್ಕೆ ಬದಿಗೆ ಹಿಡೀತೆ, ಕಿವಿ ಕೊಡಿ."

ಕಿವಿಗೊಟ್ಟೆ. ದೂರದಲ್ಲಿ ಕಡಲು ಮೊರೆಯುತ್ತಿತ್ತು. ಹತ್ತಿರದಲ್ಲಿ ಮಳೆ ಮತ್ತೆ ಬೀಳತೊಡಗಿತ್ತು. ಅವೆರಡರ ನಡುವೆ ಆ ಟಕ್ ಟಕ್ ಸದ್ದಿಗಾಗಿ ನಾನು ಬಹಳ ಹೊತ್ತು ಕಾದೆ.

"ಕೇಳ್ತಾ?"

"ಏನೂ ಕೇಳವಲ್ದು ತಾಂಡೇಲರ."

"ಹಾಂ. ಅದೇ."

ಆ ಮೌನದಲ್ಲಿ ಕಟ್ಟಿ ನಿಂತ ದೋಣಿಗಳೆಲ್ಲ ಸುಖವಾಗಿರಲಿ, ಅವುಗಳಲ್ಲಿ ಹೋಗುವವರು ಸಂಜೆಗೆ ಮನೆ ಮುಟ್ಟಲಿ. ಕಣ್ಣನ್ನು ನಂಬಬೇಡವೆಂದು ಕಲಿಸಿದ ತಾಂಡೇಲರಿಗೆ ಒಳ್ಳೆಯದಾಗಲಿ. ಅವರ ತಮ್ಮನ ಹೊಸ ದೋಣಿಗೆ ಆಯುಷ್ಯವಿರಲಿ. ಪರಶುರಾಮನ ಕೈ ಗಟ್ಟಿಯಿರಲಿ, ಬಾಯಿ ಹಾಗೆಯೇ ಇರಲಿ. ಕೇಳಬೇಕಾದುದನ್ನು ಹಿರಿಯನೆಂದು ನೋಡದೆ ಕೇಳಿದ ಮೃಣಾಲಳಿಗೆ ಮುಂದೆಯೂ ಆ ಧೈರ್ಯವನ್ನು ದೇವರು ಕೊಡಲಿ. ನನ್ನ ಎಣ್ಣೆಯನ್ನು ಹೊತ್ತು ಹೊರಗೆ ಹರಿದುಹೋದ ಆ ನೀರು ಯಾವ ಹೊಲಕ್ಕೆ ಸೇರಿತೋ, ಆ ಹೊಲ ಬೆಳೆಯಲಿ. ನೀರಿಗೆ ನಮ್ಮ ಪದ್ಧತಿಗಳು ಗೊತ್ತಿಲ್ಲವೆಂದು ನಕ್ಕವಳು ಎಲ್ಲಿದ್ದರೂ ಅವಳ ದಂಡೆ ಶಾಂತವಾಗಿರಲಿ.